ಸಂಶೋಧನಾ ನಿವೇದನೆ

ಕಳೆದ ವರ್ಷದ ಆಷಾಢದ ಒಂದು ಸಂಜೆ. ಮೂರು ದಿನಗಳಿಂದ ಹಿಡಿದ ಮಳೆ ಬಿಟ್ಟಿರಲಿಲ್ಲ. ಮಧ್ಯಾಹ್ನವೇ ಹೋದ ವಿದ್ಯುತ್ತು ಮರಳಿ ಬರುವ ಸೂಚನೆಯೂ ಇರಲಿಲ್ಲ. ಜಗಲಿಯಲ್ಲಿ ಕುಳಿತು ಅಂಗಳದ ನೀರು ಹರಿಯುವುದನ್ನು ನೋಡುತ್ತಿದ್ದಾಗ ಛತ್ರಿ ಮಡಚುತ್ತಾ ಒಬ್ಬ ಹೆಣ್ಣುಮಗಳು ಮೆಟ್ಟಿಲೇರಿ ಬಂದಳು. ಕೈಯಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಭದ್ರವಾಗಿ ಸುತ್ತಿದ ಕೆಲವು ಕಾಗದಗಳಿದ್ದವು.

“ಸರ್, ಗುರುತು ಸಿಕ್ಕಿತೆ?” ಎಂದಳು.

ಗುರುತು ಸಿಗದೇನು? ನಾನು ನಿವೃತ್ತನಾದದ್ದು 2006ರಲ್ಲಿ. ಆ ವರ್ಷ ಹತ್ತನೆಯ ತರಗತಿ ಮುಗಿಸಿದ ತಂಡವೇ ನಾನು ಕನ್ನಡ ಕಲಿಸಿದ ಕೊನೆಯ ತಂಡ. ಕೊನೆಯ ಮಕ್ಕಳ ಮುಖವನ್ನು ಯಾವ ಉಪಾಧ್ಯಾಯನೂ ಮರೆಯುವುದಿಲ್ಲ. ಅವಳ ಹೆಸರನ್ನು ಇಲ್ಲಿ ಬರೆಯುವುದು ಬೇಡ. ಪಕ್ಕದ ಊರಿನ ಅಡಿಕೆ ಬೆಳೆಗಾರರ ಮಗಳು. ಬೆಂಗಳೂರಿನಲ್ಲಿ ಸಸ್ಯರೋಗಗಳ ವಿಷಯವಾಗಿ ಡಾಕ್ಟರೇಟು ಪಡೆದು, ನಾಲ್ಕು ವರ್ಷ ಹೊರದೇಶದಲ್ಲಿ ಸಂಶೋಧನೆ ನಡೆಸಿ ಮರಳಿದ್ದಾಳೆಂದು ಅವಳ ತಂದೆಯಿಂದ ಕೇಳಿದ್ದೆ.

ನನ್ನ ಶ್ರೀಮತಿ ತಂದಿಟ್ಟ ಬಿಸಿ ಕಷಾಯವನ್ನು ಕುಡಿದು, ಸ್ವಲ್ಪ ಸಂಕೋಚದಿಂದಲೇ ಚೀಲವನ್ನು ಬಿಚ್ಚಿದಳು. “ಸರ್, ಸಹಾಯಕ ಪ್ರಾಧ್ಯಾಪಕ ಹುದ್ದೆಗಳಿಗೆ ಅರ್ಜಿ ಹಾಕುತ್ತಿದ್ದೇನೆ. ಜೊತೆಗೆ ರಿಸರ್ಚ್ ಸ್ಟೇಟ್‌ಮೆಂಟ್ ಕೊಡಬೇಕು. ಹಿಂದಿನ ವರ್ಷ ನಾಲ್ಕು ಕಡೆ ಕಳಿಸಿದೆ, ಒಂದು ಕಡೆಯಿಂದಲೂ ಕರೆ ಬರಲಿಲ್ಲ. ನೀವೊಮ್ಮೆ ಓದಿ ನೋಡಬೇಕು” ಎಂದಳು.

ನನಗೆ ನಗು ಬಂತು. “ಮಗೂ, ನಾನು ಕನ್ನಡ ಮೇಷ್ಟ್ರು. ನಿನ್ನ ವಿಜ್ಞಾನ ನನಗೇನು ತಿಳಿಯುತ್ತದೆ?”

“ಅದಕ್ಕೇ ನಿಮ್ಮ ಬಳಿ ಬಂದೆ ಸರ್. ಆಯ್ಕೆ ಸಮಿತಿಯಲ್ಲಿ ಕುಳಿತವರೆಲ್ಲ ನನ್ನ ವಿಷಯದವರಾಗಿರುವುದಿಲ್ಲ. ಪ್ರಾಣಿಶಾಸ್ತ್ರದವರಿರುತ್ತಾರೆ, ರಸಾಯನಶಾಸ್ತ್ರದವರಿರುತ್ತಾರೆ. ನಿಮಗೆ ತಿಳಿಯದ ವಾಕ್ಯ ಅವರಿಗೂ ತಿಳಿಯಲಿಕ್ಕಿಲ್ಲ.”

ಈ ಉತ್ತರ ನನ್ನ ಬಾಯಿ ಮುಚ್ಚಿಸಿತು.

ಮೊದಲು ಹೆಸರಿನ ವಿಷಯ. ರಿಸರ್ಚ್ ಸ್ಟೇಟ್‌ಮೆಂಟ್ ಎಂಬುದನ್ನು ಕನ್ನಡದಲ್ಲಿ ಏನೆನ್ನಬೇಕೆಂದು ಆ ರಾತ್ರಿ ಬಹಳ ಹೊತ್ತು ಯೋಚಿಸಿದೆ. ‘ಸಂಶೋಧನಾ ಹೇಳಿಕೆ’ ಎಂದರೆ ಪೊಲೀಸ್ ಠಾಣೆಯೋ ಮಂತ್ರಿಗಳ ಪತ್ರಿಕಾಗೋಷ್ಠಿಯೋ ನೆನಪಿಗೆ ಬರುತ್ತದೆ. ‘ನಿವೇದನೆ’ ಎನ್ನುವುದೇ ಸರಿಯೆಂದು ತೋರಿತು. ತನ್ನಲ್ಲಿರುವುದನ್ನು ಮುಚ್ಚುಮರೆಯಿಲ್ಲದೆ ಇನ್ನೊಬ್ಬರ ಮುಂದಿಡುವುದು ನಿವೇದನೆ. ಆ ಮಾತು ಈ ಬರಹಕ್ಕೆ ಎಷ್ಟು ಒಪ್ಪುತ್ತದೆಂಬುದು ಮುಂದಿನ ಮೂರು ದಿನಗಳಲ್ಲಿ ನನಗೆ ತಿಳಿಯಿತು.

ಈ ಕ್ಷೇತ್ರದ ಪರಿಚಯವಿಲ್ಲದವರಿಗಾಗಿ ಅವಳು ನನಗೆ ವಿವರಿಸಿದ್ದನ್ನು ಸಂಕ್ಷೇಪವಾಗಿ ಹೇಳುತ್ತೇನೆ. ವಿಶ್ವವಿದ್ಯಾಲಯಗಳ ಅಧ್ಯಾಪಕ ಹುದ್ದೆಗೆ ಪದವಿ, ಪ್ರಕಟಿತ ಲೇಖನ, ಅನುಭವ ಇವುಗಳಿಗೆ ಅಂಕಗಳನ್ನು ಕೂಡಿಸಿ ಸಂದರ್ಶನಕ್ಕೆ ಕರೆಯುವ ಕ್ರಮ ನಮ್ಮಲ್ಲಿ ಬಹಳ ಕಡೆ ಇದೆ. ಆದರೆ ಸಂಶೋಧನೆಗೆ ಹೆಚ್ಚು ಮಹತ್ತ್ವ ಕೊಡುವ ಸಂಸ್ಥೆಗಳು ಅಷ್ಟಕ್ಕೆ ತೃಪ್ತವಾಗುವುದಿಲ್ಲ. ವ್ಯಕ್ತಿಪರಿಚಯ, ಪರಿಚಯಪತ್ರ ಕೊಡುವ ಹಿರಿಯರ ಹೆಸರುಗಳು, ಬೋಧನೆಯ ಬಗೆಗಿನ ಒಂದು ಬರಹ, ಇವುಗಳೊಂದಿಗೆ ಈ ನಿವೇದನೆಯನ್ನೂ ಕೇಳುತ್ತವೆ. ಸಾಮಾನ್ಯವಾಗಿ ಎರಡರಿಂದ ಐದು ಪುಟ. ಇದುವರೆಗೆ ಏನು ಮಾಡಿದ್ದೀರಿ, ಈಗ ಏನು ಮಾಡುತ್ತಿದ್ದೀರಿ, ಕೆಲಸ ಕೊಟ್ಟರೆ ಮುಂದಿನ ಐದು ವರ್ಷ ಏನು ಮಾಡುವಿರಿ, ಅದಕ್ಕೆ ಯಾವ ಉಪಕರಣ ಬೇಕು, ಹಣ ಎಲ್ಲಿಂದ ಬಂದೀತು, ವಿದ್ಯಾರ್ಥಿಗಳಿಗೆ ಅದರಲ್ಲಿ ಯಾವ ಕೆಲಸ ಸಿಕ್ಕೀತು, ಇಷ್ಟನ್ನೂ ಅದು ಹೇಳಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಅರ್ಜಿದಾರರು ತಮ್ಮ ಮಾರ್ಗದರ್ಶಕರ ನೆರಳಿನಿಂದ ಹೊರಬಂದು ಸ್ವತಂತ್ರವಾಗಿ ನಡೆಯಬಲ್ಲರು ಎಂಬ ನಂಬಿಕೆ ಓದುವವರಲ್ಲಿ ಹುಟ್ಟಬೇಕು. ಈ ಕೊನೆಯ ಮಾತನ್ನು ಓದುಗರು ನೆನಪಿನಲ್ಲಿಡಬೇಕು. ನಮ್ಮ ಕಷ್ಟವೆಲ್ಲ ಮುಂದೆ ಅಲ್ಲಿಯೇ ಹುಟ್ಟಿತು.

ಅವಳಿಗೆ ಆಗ ಮೂವತ್ತನಾಲ್ಕು ವರ್ಷ. ಇಂಥ ಹುದ್ದೆಗಳ ಹಲವು ಪ್ರಕಟಣೆಗಳಲ್ಲಿ ವಯಸ್ಸಿನ ಅಪೇಕ್ಷೆಯನ್ನೂ ನಮೂದಿಸಿರುತ್ತಾರಂತೆ. ಮನೆಯಲ್ಲಿ ತಾಯಿಗೆ ಅನಾರೋಗ್ಯ, ತಂದೆಗೆ ತೋಟ ನೋಡಲು ಶಕ್ತಿ ಸಾಲದು. “ಈ ಸಲವೂ ಆಗದಿದ್ದರೆ ಬೆಂಗಳೂರಿನ ಒಂದು ಔಷಧ ಕಂಪನಿಗೆ ಸೇರುತ್ತೇನೆ ಸರ್” ಎಂದಾಗ ಅವಳ ಧ್ವನಿಯಲ್ಲಿ ದುಃಖಕ್ಕಿಂತ ದಣಿವೇ ಹೆಚ್ಚಾಗಿತ್ತು.

ಮೇಣದಬತ್ತಿ ಹಚ್ಚಿಕೊಂಡು ಓದಿದೆ. ಮೂರು ಪುಟಗಳ ಇಂಗ್ಲಿಷು, ವ್ಯಾಕರಣದಲ್ಲಿ ದೋಷವಿಲ್ಲ. ಸಸ್ಯರೋಗಗಳಿಂದ ಜಗತ್ತಿನ ಆಹಾರಭದ್ರತೆಗೆ ಒದಗಿರುವ ಅಪಾಯದಿಂದ ಆರಂಭ. ನಡುವೆ ಪ್ರಕಟವಾದ ಲೇಖನಗಳ ವಿವರ. ಕೊನೆಗೆ ಡ್ರೋನು, ಉಪಗ್ರಹ ಚಿತ್ರ, ಕೃತಕ ಬುದ್ಧಿಮತ್ತೆಗಳ ಮೂಲಕ ರೋಗದ ಮುನ್ಸೂಚನೆ ಕೊಡುವ ಬೃಹತ್ ಯೋಜನೆ. ಓದಿ ಮುಗಿಸಿದ ಮೇಲೆ ಇದನ್ನು ಬರೆದವಳು ಮಲೆನಾಡಿನವಳೋ ಮಲೇಷ್ಯಾದವಳೋ ಎಂಬುದು ಕೂಡ ನನಗೆ ತಿಳಿಯಲಿಲ್ಲ. ಯಾರು ಬೇಕಾದರೂ ಸಹಿ ಹಾಕಬಹುದಾದ ಬರಹ ಅದು.

ಮರುದಿನ ಬೆಳಗ್ಗೆ ಅವಳು ಬಂದಾಗ ಕಾಗದವನ್ನು ಮಡಚಿ ಪಕ್ಕಕ್ಕಿಟ್ಟೆ. “ಇದನ್ನು ಮರೆತುಬಿಡು. ನೀನು ಏನು ಹುಡುಕುತ್ತಿದ್ದೀಯೆ, ಕನ್ನಡದಲ್ಲಿ ಹೇಳು” ಎಂದೆ.

ಮೊದಲು ತಡವರಿಸಿದಳು. ನಂತರ ಹೇಳಿದಳು.

ಅವಳು ಏಳನೆಯ ತರಗತಿಯಲ್ಲಿದ್ದಾಗ ಒಂದು ಮಳೆಗಾಲದಲ್ಲಿ ಅವರ ತೋಟಕ್ಕೆ ಕೊಳೆರೋಗ ಬಿತ್ತು. ಮಲೆನಾಡಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಎಳೆಯ ಕಾಯಿಯ ಮೇಲೆ ನೀರು ಹೀರಿದಂಥ ಕಲೆ ಕಾಣಿಸುತ್ತದೆ, ಕಾಯಿ ಉದುರುತ್ತದೆ, ಬಿದ್ದ ಕಾಯಿಯ ಮೇಲೆ ಬಿಳಿಯ ಬೂಷ್ಟು ಬೆಳೆಯುತ್ತದೆ. ಎರಡು ವಾರಗಳೊಳಗೆ ಮರದ ಬುಡವೆಲ್ಲ ಹಸಿರು ಅಡಿಕೆಯ ಹಾಸಿಗೆ. ಅವಳ ತಂದೆ ಆ ವರ್ಷದ ಮುಕ್ಕಾಲು ಬೆಳೆಯನ್ನು ಕಳೆದುಕೊಂಡರು. ಆದರೆ ಹಳ್ಳದ ಆಚೆಯ ದಂಡೆಯ ನೆರೆಯವರ ತೋಟದಲ್ಲಿ ಅಷ್ಟು ಹಾನಿಯಾಗಲಿಲ್ಲ. ಅದೇ ಮಳೆ, ಅದೇ ಮಣ್ಣು. ಮದ್ದು ಹೊಡೆದ ಕೊನೆಗಾರನೂ ಅವನೇ, ಮದ್ದೂ ಅದೇ ಬ್ಯಾರಲ್ಲಿನದು. “ಹಾಗಿದ್ದರೆ ನಮಗೇ ಏಕೆ ಬಂತು ಅಂತ ಅಪ್ಪನನ್ನು ಕೇಳಿದೆ ಸರ್. ಅಪ್ಪ ಹಣೆ ಮುಟ್ಟಿಕೊಂಡು ತೋರಿಸಿದರು. ಆ ಉತ್ತರ ನನಗೆ ಇವತ್ತಿಗೂ ಒಪ್ಪಿಗೆಯಾಗಿಲ್ಲ.”

ನಾನು ಕೇಳಿದೆ: “ಈ ಮಾತು ನಿನ್ನ ಮೂರು ಪುಟದಲ್ಲಿ ಎಲ್ಲಿದೆ?”

“ಇಲ್ಲ ಸರ್. ಇದು ಮನೆಯ ವಿಷಯ. ಸ್ಟೇಟ್‌ಮೆಂಟಿನಲ್ಲಿ ಬರೆಯುವಂಥದಲ್ಲ.”

ಅವಳ ಆ ಮಾತು ನನ್ನನ್ನು ನಲವತ್ತೈದು ವರ್ಷ ಹಿಂದಕ್ಕೆ ಒಯ್ದಿತು. ಇದುವರೆಗೆ ಮನೆಯವರಿಗಲ್ಲದೆ ಬೇರೆ ಯಾರಿಗೂ ಹೇಳದ ಒಂದು ಸಂಗತಿಯನ್ನು ಅವಳಿಗೆ ಹೇಳಿದೆ. ಈಗ ನಿಮಗೂ ಹೇಳುತ್ತೇನೆ.

1979ರಲ್ಲಿ ನಾನೂ ಒಂದು ವಿಶ್ವವಿದ್ಯಾಲಯದ ಕನ್ನಡ ವಿಭಾಗದ ಹುದ್ದೆಗೆ ಅರ್ಜಿ ಹಾಕಿದ್ದೆ. ಹೈಸ್ಕೂಲಿನಲ್ಲಿ ಏಳೆಂಟು ವರ್ಷ ಪಾಠ ಹೇಳಿದ್ದೆ, ಖಾಸಗಿಯಾಗಿ ಓದಿ ಎಂ.ಎ. ಮುಗಿಸಿದ್ದೆ, ಮೂವತ್ತೊಂದರ ಹುಮ್ಮಸ್ಸು. ಮುಂದೆ ಕೈಗೊಳ್ಳಲಿರುವ ಸಂಶೋಧನೆಯ ರೂಪುರೇಷೆಯನ್ನು ಅರ್ಜಿಯೊಂದಿಗೆ ಲಗತ್ತಿಸಬೇಕೆಂದಿತ್ತು. ನಾನು ಹನ್ನೆರಡು ಪುಟ ಬರೆದೆ. ಚಂಪೂಕಾವ್ಯಗಳ ಅಲಂಕಾರ ಸಮೀಕ್ಷೆ ಎಂಬುದು ವಿಷಯ. ನಿಜ ಹೇಳಬೇಕೆಂದರೆ ಅಲಂಕಾರಶಾಸ್ತ್ರದಲ್ಲಿ ನನಗೆ ಪರೀಕ್ಷೆಗೆ ಬೇಕಾದಷ್ಟು ಪರಿಚಯವಿತ್ತೇ ಹೊರತು ಪ್ರೀತಿಯಿರಲಿಲ್ಲ. ಆದರೆ ವಿದ್ವಾಂಸರು ಮೆಚ್ಚುವುದು ಅಂಥದನ್ನೇ ಎಂದು ನಂಬಿದ್ದೆ.

ಅದೇ ಹೊತ್ತಿನಲ್ಲಿ ನನ್ನ ಟ್ರಂಕಿನೊಳಗೆ ಬೇರೊಂದು ವಸ್ತುವಿತ್ತು. ತರಗತಿಯ ಮಕ್ಕಳು ಉಕ್ತಲೇಖನದಲ್ಲಿ ಮಾಡುವ ತಪ್ಪುಗಳನ್ನು ನಾನು ಮೊದಲ ವರ್ಷದಿಂದಲೂ ನೋಟುಪುಸ್ತಕಗಳಲ್ಲಿ ಬರೆದಿಡುತ್ತಿದ್ದೆ. ಮನೆಯಲ್ಲಿ ಹಕಾರವಿಲ್ಲದ ಮಾತನ್ನಾಡುವ ಮಗು ‘ಹಣ್ಣು’ ಎಂಬುದನ್ನು ‘ಅಣ್ಣು’ ಎಂದು ಬರೆಯುತ್ತದೆ. ಅದು ಎಲ್ಲ ಮೇಷ್ಟ್ರಿಗೂ ತಿಳಿದದ್ದು. ಆದರೆ ಹಾಗೆ ಬರೆದು ನಾಲ್ಕು ಸಲ ಬೈಸಿಕೊಂಡ ಮೇಲೆ ಅದೇ ಮಗು ‘ಅಕ್ಕಿ’ಯನ್ನು ‘ಹಕ್ಕಿ’ ಎಂದು ಬರೆಯತೊಡಗುತ್ತದೆ. ಮೊದಲನೆಯದು ಮನೆಯ ಮಾತು. ಎರಡನೆಯದು ಎಲ್ಲಿಂದ ಬಂತು? ಅದು ಅಜ್ಞಾನವಲ್ಲ. ಶಾಲೆ ಕಲಿಸಿದ ನಿಯಮವನ್ನು ಮಗು ತನ್ನ ಬುದ್ಧಿಯಿಂದ ಇನ್ನೊಂದು ಕಡೆಗೆ ವಿಸ್ತರಿಸಿಕೊಂಡದ್ದು. ಯಾವ ಮಗು ಯಾವ ಹಂತದಲ್ಲಿ ಇದನ್ನು ಬಿಡುತ್ತದೆ, ಬೈಗುಳ ಕಡಿಮೆಯಾದರೆ ಬೇಗ ಬಿಡುತ್ತದೆಯೇ, ಇದು ನನ್ನನ್ನು ನಿದ್ದೆಯಲ್ಲಿಯೂ ಕಾಡುತ್ತಿದ್ದ ಪ್ರಶ್ನೆ. ಆದರೂ ಮಕ್ಕಳ ತಪ್ಪುಗಳ ಪಟ್ಟಿಯನ್ನು ವಿಶ್ವವಿದ್ಯಾಲಯದ ಮುಂದಿಡುವುದು ಅವಮಾನವೆಂದು ನನಗನ್ನಿಸಿತ್ತು.

ಸಂದರ್ಶನದಲ್ಲಿ ವಯೋವೃದ್ಧ ವಿದ್ವಾಂಸರೊಬ್ಬರು ನನ್ನ ಹನ್ನೆರಡು ಪುಟಗಳನ್ನು ತಿರುವಿ ಹಾಕಿ, ಬಹಳ ಮೃದುವಾಗಿ ಕೇಳಿದರು: “ಇದನ್ನು ಬೇರೆಯವರೂ ಮಾಡಬಹುದು. ನೀವೇ ಏಕೆ ಮಾಡಬೇಕು?” ನಾನು ‘ವಿಷಯ ಗಹನವಾದದ್ದು’ ಎಂದೇನೋ ತೊದಲಿದೆ. ಅವರು ಮತ್ತೇನೂ ಕೇಳಲಿಲ್ಲ. ಆಯ್ಕೆಯಾಗಲಿಲ್ಲ. ಬಸ್ಸಿನಲ್ಲಿ ಹಿಂದಿರುಗುವಾಗ ಅವರ ಪ್ರಶ್ನೆಗೆ ಉತ್ತರ ಟ್ರಂಕಿನಲ್ಲಿತ್ತೆಂಬುದು ಹೊಳೆಯಿತು. ಹೊಳೆದದ್ದರಿಂದ ಪ್ರಯೋಜನವೇನು? ನಾನು ಮತ್ತೆ ಅರ್ಜಿ ಹಾಕಲಿಲ್ಲ. ಅಭಿಮಾನ ಅಡ್ಡ ಬಂತು. ಇದರಲ್ಲಿ ಬೇರೆ ಯಾರ ದೋಷವೂ ಇಲ್ಲ.

ಅವಳು ಸುಮ್ಮನೆ ಕೇಳಿಸಿಕೊಂಡಳು. ಆಮೇಲೆ ಚೀಲದಿಂದ ಬಿಳಿಯ ಹಾಳೆ ತೆಗೆದು, ಹಳ್ಳದ ಎರಡು ದಂಡೆಗಳ ಚಿತ್ರ ಬರೆದಳು. ಮೊದಲ ವಾಕ್ಯ ಅಲ್ಲಿಂದಲೇ ಆರಂಭವಾಗಲಿ ಎಂದು ಇಬ್ಬರೂ ಒಪ್ಪಿದೆವು.

ಇಷ್ಟರಿಂದ ಕೆಲಸ ಮುಗಿಯಲಿಲ್ಲ. ಊರಿನ ಕಥೆಯೊಂದೇ ಇದ್ದರೆ ಅದು ಪ್ರಬಂಧವಾದೀತು, ನಿವೇದನೆಯಾಗದು. ಈ ಪ್ರಶ್ನೆಗೆ ಹಿಂದಿನವರು ಎಷ್ಟು ದೂರ ನಡೆದಿದ್ದಾರೆ, ಇವಳು ಹೆಜ್ಜೆ ಇಡುವುದು ಎಲ್ಲಿಂದ ಎಂಬುದನ್ನು ತೋರಿಸಬೇಕು. ಅವಳು ಹೇಳಿದ ಚರಿತ್ರೆಯನ್ನು ನಾನು ಬೆರಗಿನಿಂದ ಕೇಳಿದೆ. ಕೊಳೆರೋಗವನ್ನು ತರುವ ಜೀವಿ ಫೈಟೊಫ್ಥೊರಾ ಎಂಬ ಕುಲಕ್ಕೆ ಸೇರಿದ್ದು. ಆ ಹೆಸರಿಗೆ ಸಸ್ಯನಾಶಕ ಎಂದೇ ಅರ್ಥ. 1876ರಲ್ಲಿ ಜರ್ಮನಿಯ ಡಿ ಬ್ಯಾರಿ ಇಟ್ಟದ್ದು. 1845ರಿಂದ ಐರ್ಲೆಂಡಿನ ಆಲೂಗಡ್ಡೆಯನ್ನು ಕೊಳೆಸಿ ಲಕ್ಷಾಂತರ ಜನರನ್ನು ಹಸಿವಿಗೆ ದೂಡಿದ್ದು ಇದೇ ಕುಲದ ಇನ್ನೊಂದು ಪ್ರಭೇದ. ನೋಡಲು ಬೂಷ್ಟಿನಂತಿದ್ದರೂ ಇದು ನಿಜವಾದ ಶಿಲೀಂಧ್ರವಲ್ಲ, ವಂಶದಲ್ಲಿ ಕೆಲವು ಪಾಚಿಗಳಿಗೆ ಹತ್ತಿರದ್ದು. ಎರಡು ಎಳೆಬಾಲಗಳಿರುವ ಇದರ ಬೀಜಕಣಗಳು ನೀರಿನಲ್ಲಿ ಈಜುತ್ತವೆ. ಮಲೆನಾಡಿನ ಮಳೆಗಾಲ ಇದಕ್ಕೇಕೆ ಹಬ್ಬವೆಂಬುದು ಆಗ ನನಗೆ ಅರ್ಥವಾಯಿತು.

ಕೆನಡಾದ ಲೆಸ್ಲಿ ಕೋಲ್ಮನ್ 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದರು, ಮುಂದೆ 1913ರಲ್ಲಿ ಅಲ್ಲಿನ ಕೃಷಿ ಇಲಾಖೆಯ ಮೊದಲ ನಿರ್ದೇಶಕರಾದರು. ಅಡಿಕೆಯ ಕೊಳೆರೋಗವನ್ನು ಕುರಿತ ಅವರ ಕೃತಿ 1910ರಲ್ಲಿಯೇ ಪ್ರಕಟವಾಯಿತು. ಅದರ ಶೀರ್ಷಿಕೆಯಲ್ಲಿ ‘ಕೊಳೆರೋಗ’ ಎಂಬ ನಮ್ಮ ಮಾತೇ ಇದೆಯೆಂದು ಅವಳು ಹೇಳಿದಾಗ ಕನ್ನಡ ಮೇಷ್ಟ್ರಾದ ನನಗಾದ ಸಂತೋಷವನ್ನು ಬೇರೆ ಹೇಳಬೇಕೆ! ಅದಕ್ಕೆ ಹಿಂದೆ ನಮ್ಮ ಹಿರಿಯರು ಕೊನೆಗಳಿಗೆ ಕೊಟ್ಟೆ ಕಟ್ಟಿ ಮಳೆಯಿಂದ ಮರೆಮಾಡುತ್ತಿದ್ದರು. ನಂತರ ಬಂದದ್ದು ಬೋರ್ಡೋ ದ್ರಾವಣ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರು ನೀರು. ಮಳೆಗಾಲ ಹಿಡಿಯುವ ಮೊದಲೊಮ್ಮೆ, ನಲವತ್ತು ನಲವತ್ತೈದು ದಿನಗಳ ಮೇಲೆ ಇನ್ನೊಮ್ಮೆ. ನೂರು ವರ್ಷಗಳಾದರೂ ಇಂದಿಗೂ ನಮ್ಮ ತೋಟಗಳಲ್ಲಿ ಮುಖ್ಯ ಮದ್ದು ಅದೇ.

ಅವಳ ಹೆಜ್ಜೆ ಇಲ್ಲಿಂದ ಮುಂದೆ. ಮಳೆಗಾಲದಲ್ಲಿ ರೋಗ ಹೇಗೆ ಹರಡುತ್ತದೆಂಬುದು ತಿಳಿದಿದೆ. ಮಳೆಯಿಲ್ಲದ ತಿಂಗಳುಗಳಲ್ಲಿ ಆ ಜೀವಿ ಮಣ್ಣಿನಲ್ಲಿ, ಬಿದ್ದ ಕಾಯಿಯಲ್ಲಿ, ಮರದ ಮೇಲೆಯೇ ಉಳಿದ ಒಣಕೊನೆಯಲ್ಲಿ ಉಳಿಯಬಲ್ಲದು ಎಂಬುದೂ ತಿಳಿದಿದೆ. ಆದರೆ ಒಂದು ನಿರ್ದಿಷ್ಟ ತೋಟದಲ್ಲಿ ಮುಂದಿನ ಜೂನಿನ ಮೊದಲ ಕಿಡಿ ಈ ಮೂರರಲ್ಲಿ ಯಾವುದರಿಂದ ಹೊತ್ತಿಕೊಂಡಿತು? ಹಳ್ಳದ ಈಚೆ ಒಂದು ಬಗೆ, ಆಚೆ ಇನ್ನೊಂದು ಬಗೆಯೇ? ಅದನ್ನು ತಿಳಿದರೆ ತೋಟಕ್ಕೆಲ್ಲ ಮದ್ದು ಸುರಿಯುವ ಬದಲು ಕಿಡಿಯಿರುವಲ್ಲಿಯೇ ಆರಿಸಬಹುದಲ್ಲವೆ? ಪ್ರಶ್ನೆ ಈಗ ನನ್ನಂಥವನಿಗೂ ತಿಳಿಯಿತು.

ಎರಡನೆಯ ದಿನ ಅವಳು ಹೊಸ ಕರಡನ್ನು ತಂದಳು. ಅದರಲ್ಲಿ ಒಂದು ವಾಕ್ಯ ಹೀಗಿತ್ತು: ಪ್ರತಿವರ್ಷವೂ ರೋಗ ಮೊದಲು ಕಾಣಿಸಿಕೊಳ್ಳುವ ಮರಗಳನ್ನು ನಾನು ಗುರುತಿಸಿದ್ದೇನೆ.

“ಎಷ್ಟು ಮರ?” ಎಂದು ಕೇಳಿದೆ.

“ನಮ್ಮ ತೋಟದಲ್ಲಿ ಏಳು ಸರ್.”

“ಹೇಗೆ ಗುರುತಿಸಿದೆ? ನೀನು ಊರು ಬಿಟ್ಟು ಹದಿನಾರು ವರ್ಷವಾಯಿತು.”

ಅವಳು ಮಾತನಾಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಹೇಳಿದಳು. ಅವರ ತೋಟದ ಕೊನೆಗಾರ ಮೂವತ್ತು ವರ್ಷಗಳಿಂದ ಅದೇ ಮರಗಳನ್ನು ಹತ್ತಿ ಇಳಿಯುತ್ತಿರುವವನು. ‘ಅಮ್ಮಾ, ಕೊಳೆ ಎಲ್ಲ ಕಡೆ ಒಮ್ಮೆಲೇ ಬರುವುದಿಲ್ಲ, ಈ ಏಳು ಮರಕ್ಕೇ ಮೊದಲು ಬರುತ್ತದೆ’ ಎಂದು ಅವನೇ ಕತ್ತಿಯಿಂದ ಗುರುತು ಕೊರೆದ ಕಾಂಡಗಳನ್ನು ತೋರಿಸಿದ್ದ. ಅವಳು ಮಾದರಿಗಳನ್ನು ಸಂಗ್ರಹಿಸಿದ್ದು ಆ ಗುರುತುಗಳನ್ನು ನಂಬಿ.

“ಹಾಗಾದರೆ ಗುರುತಿಸಿದವರು ಯಾರು?”

“ಸರ್, ನೀವು ಹೇಳುವುದು ಸರಿ. ಆದರೆ ಇದು ಕಥೆಯಲ್ಲ, ಉದ್ಯೋಗದ ಅರ್ಜಿ. ನನ್ನ ಸ್ವಂತ ವಿಚಾರ ಯಾವುದು ಅಂತಲೇ ಅವರು ನೋಡುವುದು. ಮೊದಲೇ ‘ಇದು ಮಾರ್ಗದರ್ಶಕರ ಕೆಲಸವೋ ನಿಮ್ಮದೋ’ ಅಂತ ಕೇಳುತ್ತಾರೆ. ಅದರ ಮೇಲೆ ಮೂಲ ಕಲ್ಪನೆ ಕೊನೆಗಾರನದು ಅಂತ ಬರೆದರೆ ನನ್ನದು ಅಂತ ಏನು ಉಳಿಯುತ್ತದೆ?”

ಅವಳ ಮಾತನ್ನು ನಾನು ಹಗುರವಾಗಿ ತಳ್ಳಿಹಾಕಲಾರದೆ ಹೋದೆ. ಪಿಂಚಣಿ ಪಡೆದು ಜಗಲಿಯಲ್ಲಿ ಕುಳಿತವನು ಸತ್ಯದ ಬಗ್ಗೆ ಉಪದೇಶ ಮಾಡುವುದು ಸುಲಭ. ಕಳೆದುಕೊಳ್ಳಲು ನನ್ನಲ್ಲಿ ಏನಿದೆ? ಅರ್ಜಿ ತಿರಸ್ಕೃತವಾದರೆ ಬೆಂಗಳೂರಿನ ಕಂಪನಿಗೆ ಹೋಗಬೇಕಾದವಳು ಅವಳು. ಮಧ್ಯಾಹ್ನದವರೆಗೂ ನಾವಿಬ್ಬರೂ ಆ ಒಂದು ವಾಕ್ಯದ ಬಳಿಯೇ ನಿಂತಿದ್ದೆವು.

ದಾರಿ ಕಾಣಿಸಿದ್ದು ಅವಳೇ ಹೇಳಿದ ಬೋರ್ಡೋ ದ್ರಾವಣದ ಕಥೆಯಿಂದ. ಫ್ರಾನ್ಸಿನ ಬೋರ್ಡೋ ಪ್ರಾಂತದಲ್ಲಿ ರಸ್ತೆಬದಿಯ ದ್ರಾಕ್ಷಿಯನ್ನು ದಾರಿಹೋಕರು ಕದಿಯದಿರಲೆಂದು ಬೆಳೆಗಾರರು ಮೈಲುತುತ್ತ, ಸುಣ್ಣಗಳ ನೀಲಿ ಮಿಶ್ರಣವನ್ನು ಎಲೆಗಳಿಗೆ ಎರಚುತ್ತಿದ್ದರಂತೆ. ವಿಷವೆಂದು ಕಂಡರೆ ಯಾರು ಮುಟ್ಟುತ್ತಾರೆ? ಅಲ್ಲಿನ ಪ್ರಾಧ್ಯಾಪಕ ಮಿಲಾರ್ಡೆ 1882ರಲ್ಲಿ ಅತ್ತ ಹೋದಾಗ ತೋಟದ ಒಳಗಿನ ಬಳ್ಳಿಗಳೆಲ್ಲ ಬೂಷ್ಟುರೋಗದಿಂದ ಎಲೆ ಕಳೆದುಕೊಂಡಿದ್ದವು, ರಸ್ತೆಬದಿಯವು ಮಾತ್ರ ಹಸಿರಾಗಿದ್ದವು. ತೋಟದ ಮೇಲ್ವಿಚಾರಕನನ್ನು ವಿಚಾರಿಸಿದರು, ಅವನ ನೆರವಿನಿಂದಲೇ ಪ್ರಯೋಗ ನಡೆಸಿದರು, 1885ರಲ್ಲಿ ಮದ್ದಿನ ವಿವರಗಳನ್ನು ಪ್ರಕಟಿಸಿದರು.

“ಮಿಶ್ರಣ ಕಳ್ಳರನ್ನು ಹೆದರಿಸಿದವರದು. ಹಾಗೆಂದು ಮಿಲಾರ್ಡೆಯದು ಏನೂ ಉಳಿಯಲಿಲ್ಲವೆ?” ಎಂದು ಕೇಳಿದೆ.

ಅವಳು ನಕ್ಕಳು. ಬಂದ ಮೇಲೆ ಮೊದಲ ಸಲ ನಕ್ಕದ್ದು. “ಏಕೆ ಹಸಿರಾಗಿದೆ ಅಂತ ಕೇಳಿದ್ದು ಅವರದು ಸರ್. ಪರೀಕ್ಷಿಸಿ ತೋರಿಸಿದ್ದೂ ಅವರದು.”

“ನಿನ್ನ ಕೊನೆಗಾರ ಏಳು ಮರ ತೋರಿಸಿದ. ಆ ಏಳೇ ಏಕೆ ಎಂದು ಅವನು ಹೇಳಿದನೆ?”

“ಇಲ್ಲ.”

“ಅದನ್ನು ತಿಳಿಯುವ ದಾರಿ ಅವನಿಗೆ ಗೊತ್ತೆ?”

“ಇಲ್ಲ ಸರ್. ಅದು ನನಗೆ ಗೊತ್ತು.”

“ಹಾಗಾದರೆ ನಿನ್ನದು ಯಾವುದೆಂಬುದು ಈಗ ಸ್ಪಷ್ಟವಾಯಿತಲ್ಲ.”

ಆ ವಾಕ್ಯವನ್ನು ಅವಳೇ ತಿದ್ದಿದಳು. ಮೂರು ದಶಕ ಈ ತೋಟದಲ್ಲಿ ದುಡಿದ ಕೊನೆಗಾರರೊಬ್ಬರು ರೋಗ ಮೊದಲು ಕಾಣಿಸುವ ಏಳು ಮರಗಳನ್ನು ಗುರುತಿಸಿದ್ದಾರೆ. ಆ ಮರಗಳು ಉಳಿದವುಗಳಿಗಿಂತ ಯಾವ ವಿಷಯದಲ್ಲಿ ಭಿನ್ನವೆಂಬುದನ್ನು ಮಣ್ಣು, ಒಣಕೊನೆ, ಬಿದ್ದ ಕಾಯಿಗಳ ಮಾದರಿಗಳನ್ನು ಹೋಲಿಸಿ ಪರೀಕ್ಷಿಸುವುದು ನನ್ನ ಕಾರ್ಯ ಎಂಬ ಅರ್ಥದಲ್ಲಿ. ಓದಿ ನೋಡಿದರೆ ಹಿಂದಿನದಕ್ಕಿಂತ ಇದೇ ಹೆಚ್ಚು ಗಟ್ಟಿಯಾಗಿತ್ತು. ಮೊದಲಿನ ವಾಕ್ಯದಲ್ಲಿ ಒಂದು ಜಂಬವಿತ್ತು, ಇದರಲ್ಲಿ ಮಾಡಬೇಕಾದ ಒಂದು ಕೆಲಸವಿತ್ತು.

ಮೂರನೆಯ ದಿನ ಉಳಿದದ್ದು ಭವಿಷ್ಯದ ಭಾಗ. “ಈ ಡ್ರೋನು, ಕೃತಕ ಬುದ್ಧಿಮತ್ತೆ ಎಲ್ಲ ನೀನು ಬಲ್ಲೆಯಾ?” ಎಂದು ಕೇಳಿದೆ. “ಇಲ್ಲ ಸರ್. ಈಗ ಅದಿಲ್ಲದಿದ್ದರೆ ಯಾರೂ ನೋಡುವುದಿಲ್ಲ ಅಂತ ಗೆಳತಿ ಹೇಳಿದಳು” ಎಂದಳು. ನನ್ನ ಅಲಂಕಾರ ಸಮೀಕ್ಷೆ ನನ್ನ ಕಣ್ಣ ಮುಂದೆ ಬಂದು ನಿಂತಿತು! ಬಲ್ಲವರಿಗೆ ಅವು ಉಪಯುಕ್ತ ಸಾಧನಗಳೇ ಇರಬಹುದು. ಅರಿಯದವಳು ಬರೆದರೆ ಅಲಂಕಾರವೇ. ಆ ಭಾಗವನ್ನು ಅವಳು ಅಳಿಸಿಹಾಕಿದಳು.

ಬದಲಿಗೆ ಐದು ವರ್ಷಗಳ ಕೆಲಸವನ್ನು ಋತುಗಳ ಲೆಕ್ಕದಲ್ಲಿ ಬರೆದಳು. ಕೊಳೆರೋಗ ವರ್ಷಕ್ಕೊಮ್ಮೆ ಬರುವುದು. ಐದು ವರ್ಷವೆಂದರೆ ಐದೇ ಮಳೆಗಾಲ. ಮೊದಲನೆಯದರಲ್ಲಿ ಎರಡು ದಂಡೆಗಳಿಂದಲೂ ಮಾದರಿ ಸಂಗ್ರಹ. ಎರಡು, ಮೂರನೆಯದರಲ್ಲಿ ಒಣಕೊನೆ ತೆಗೆದ ಮರ, ತೆಗೆಯದ ಮರಗಳ ಹೋಲಿಕೆ. ಆಮೇಲೆ ಬೇರೆ ಊರಿನ ತೋಟಗಳು. ಪ್ರಯೋಗಾಲಯದಲ್ಲಿ ಏನು ಬೇಕು, ಯಾವುದನ್ನು ಸಂಸ್ಥೆಯಲ್ಲಿರುವ ಉಪಕರಣದಿಂದಲೇ ನಡೆಸಬಹುದು, ಒಬ್ಬ ವಿದ್ಯಾರ್ಥಿ ಎರಡು ವರ್ಷದಲ್ಲಿ ಮುಗಿಸಬಹುದಾದ ಭಾಗ ಯಾವುದು, ಎಲ್ಲವೂ ಅದರಲ್ಲಿ ತಾನಾಗಿ ಕುಳಿತುಕೊಂಡವು. ಕೊನೆಯಲ್ಲಿ ನಾನು ಒಂದು ಪ್ರಶ್ನೆ ಕೇಳಿದೆ: “ಆ ಏಳು ಮರಗಳಲ್ಲಿ ವಿಶೇಷ ಏನೂ ಇಲ್ಲವೆಂದು ಕಂಡರೆ?” ಅವಳು ಅದಕ್ಕೂ ಒಂದು ಪರಿಚ್ಛೇದ ಬರೆದಳು. ಹಾಗಾದರೆ ಕಿಡಿ ತೋಟದ ಹೊರಗಿನಿಂದ ಬರುತ್ತಿರಬಹುದು, ಆಗ ಹಳ್ಳದ ನೀರನ್ನು ಪರೀಕ್ಷಿಸಬೇಕಾಗುತ್ತದೆ ಎಂದು. ತನ್ನ ಊಹೆ ಸುಳ್ಳಾದರೆ ಏನು ಮಾಡುವೆನೆಂದು ಹೇಳಬಲ್ಲವರ ಮಾತನ್ನು ನಂಬಬಹುದು.

ಬೋರ್ಡೋ ದ್ರಾವಣ ತಯಾರಿಸುವವರು ಅದರೊಳಗೆ ಕತ್ತಿಯ ಅಲಗನ್ನು ಅದ್ದಿ ನೋಡುತ್ತಾರೆ. ಅಲಗಿಗೆ ಕೆಂಪು ತಾಮ್ರ ಹತ್ತಿದರೆ ಸುಣ್ಣ ಸಾಲದೆಂದು ಅರ್ಥ, ಹಾಗೆಯೇ ಹೊಡೆದರೆ ಎಳೆಯ ಕೊನೆ ಸುಟ್ಟುಹೋದೀತು. ನಾನು ಆ ಮೂರು ದಿನ ಮಾಡಿದ್ದು ಇಷ್ಟೇ, ಕತ್ತಿಯನ್ನು ಅದ್ದಿ ನೋಡಿದ್ದು. ಮದ್ದು ಅವಳದೇ.

ಓದುಗರು ಫಲಿತಾಂಶವನ್ನು ಕೇಳುವಿರಿ. ಕಥೆಯಾಗಿದ್ದರೆ ಇಲ್ಲಿ ನೇಮಕಾತಿ ಪತ್ರ ಬರಬೇಕಿತ್ತು. ಆ ನಿವೇದನೆ ಐದು ಸಂಸ್ಥೆಗಳಿಗೆ ಹೋಯಿತು. ಎರಡರಿಂದ ಉತ್ತರವಿಲ್ಲ, ಎರಡರಿಂದ ವಿಷಾದಪತ್ರ. ಒಂದು ಕಡೆ ಉಪನ್ಯಾಸಕ್ಕೂ ಸಂದರ್ಶನಕ್ಕೂ ಕರೆದರು. ಏಳು ಮರಗಳ ವಿಷಯ ಬಂದಾಗ ಯಾರೂ ಹುಬ್ಬೇರಿಸಲಿಲ್ಲವಂತೆ. ಒಬ್ಬರು ಮಾತ್ರ ‘ಎಂಟನೆಯ ಮರಕ್ಕೂ ಇವಕ್ಕೂ ಎಷ್ಟು ದೂರ?’ ಎಂದು ಕೇಳಿದರಂತೆ. ಹೆಚ್ಚು ಹೊತ್ತು ಹಣದ ಮೂಲ, ಉಪಕರಣಗಳ ಬಗ್ಗೆಯೇ ವಿಚಾರಿಸಿದರಂತೆ. ಕೊನೆಗೆ ಆಯ್ಕೆಯಾದದ್ದು ಬೇರೊಬ್ಬರು. ದೂರವಾಣಿಯಲ್ಲಿ ಇದನ್ನು ಹೇಳುವಾಗ ಅವಳ ಧ್ವನಿ ಕುಗ್ಗಿತ್ತು. ಆದರೂ, “ಕೇಳಿದ ಎಲ್ಲ ಪ್ರಶ್ನೆಗೂ ಉತ್ತರ ನನ್ನ ಹತ್ತಿರ ಇತ್ತು ಸರ್” ಎಂದಳು. 1979ರ ಬಸ್ಸಿನಲ್ಲಿ ಹಿಂದಿರುಗಿದ ನನಗೆ ಆ ಮಾತಿನ ಬೆಲೆ ಗೊತ್ತು.

ಕಂಪನಿಯ ಕೆಲಸವನ್ನು ಅವಳು ಸದ್ಯಕ್ಕೆ ಒಪ್ಪಿಕೊಂಡಿಲ್ಲ. ಅದೇ ಮೂರು ಪುಟಗಳನ್ನು ಅಲ್ಪಸ್ವಲ್ಪ ಬದಲಿಸಿ ಕಳಿಸಿದ ಇನ್ನೊಂದು ಸಂಸ್ಥೆಯಿಂದ ಈಗ ಕರೆ ಬಂದಿದೆ, ಮುಂದಿನ ತಿಂಗಳು ಹೋಗಬೇಕು. ಏನಾಗುವುದೋ ತಿಳಿಯದು. ಈ ಮಳೆಗಾಲದಲ್ಲಿಯೂ ಕೊನೆಗಾರನೊಂದಿಗೆ ಏಳು ಮರಗಳ ಬುಡದಲ್ಲಿ ಅವಳು ಮಾದರಿ ಆರಿಸುತ್ತಿರುವುದನ್ನು ಮೊನ್ನೆ ದಾರಿಯಲ್ಲಿ ಹೋಗುವಾಗ ಕಂಡೆ. ಸಂಬಳವಿಲ್ಲದ ಕೆಲಸ. ಅವಳ ತಂದೆ ಈಗ ಹಣೆ ಮುಟ್ಟಿಕೊಳ್ಳುವ ಬದಲು ‘ಏನು ಸಿಕ್ಕಿತು’ ಎಂದು ಕೇಳುತ್ತಾರಂತೆ.

ಇನ್ನು ನನ್ನ ಮಾತು. ಅವಳು ಹೋದ ಮರುವಾರ ಅಟ್ಟದಿಂದ ಟ್ರಂಕನ್ನು ಇಳಿಸಿದೆ. ಇಪ್ಪತ್ತೆರಡು ನೋಟುಪುಸ್ತಕಗಳಿದ್ದವು. ಮೂರಕ್ಕೆ ಗೆದ್ದಲು ಹಿಡಿದಿತ್ತು, ಉಳಿದವನ್ನು ಬಿಸಿಲಿಗೆ ಹಾಕಿದ್ದೇನೆ. ‘ಹಕ್ಕಿ’ ಎಂದು ಬರೆದ ಮಕ್ಕಳು ಈಗ ಅರವತ್ತರ ಆಸುಪಾಸಿನವರು, ಅವರ ಮಕ್ಕಳು ಕಾಲೇಜು ಮುಗಿಸಿದ್ದಾರೆ. ಎಪ್ಪತ್ತೇಳರ ವಯಸ್ಸಿನಲ್ಲಿ ನನಗೆ ಯಾವ ಹುದ್ದೆಯೂ ಬೇಕಾಗಿಲ್ಲ. ಆದರೂ ಮೇಜಿನ ಮುಂದೆ ಕುಳಿತು ಒಂದು ಪುಟ ಬರೆದಿದ್ದೇನೆ. ನನ್ನ ಪ್ರಶ್ನೆ ಯಾವುದು, ನನ್ನ ಬಳಿ ಏನಿದೆ, ಇನ್ನುಳಿದ ವರ್ಷಗಳಲ್ಲಿ ಏನು ಮಾಡಬಲ್ಲೆ, ನನ್ನ ಊಹೆ ತಪ್ಪಾದರೆ ಹೇಗೆ ಎಂದು. ಆ ವೃದ್ಧ ವಿದ್ವಾಂಸರು ಈಗಿಲ್ಲ. ಇದ್ದಿದ್ದರೆ ಅದನ್ನು ಅವರಿಗೆ ಅಂಚೆಯಲ್ಲಿ ಕಳಿಸುತ್ತಿದ್ದೆ.

ಮುಂದಿನ ವಾರಗಳಲ್ಲಿ ಆ ನೋಟುಪುಸ್ತಕಗಳಿಂದ ಆಯ್ದ ಕೆಲವು ಪಟ್ಟಿಗಳನ್ನು ಇಲ್ಲಿಯೇ ಬರೆಯಬೇಕೆಂದಿದ್ದೇನೆ. ಈಗಲೂ ತರಗತಿಯಲ್ಲಿ ಉಕ್ತಲೇಖನ ತೆಗೆದುಕೊಳ್ಳುತ್ತಿರುವ ಉಪಾಧ್ಯಾಯ ಮಿತ್ರರು ಯಾರಾದರೂ ಇದನ್ನು ಓದುತ್ತಿದ್ದರೆ, ನಿಮ್ಮ ಮಕ್ಕಳು ‘ಅಕ್ಕಿ’ಯನ್ನು ಹೇಗೆ ಬರೆಯುತ್ತಾರೆಂಬುದನ್ನು ದಯವಿಟ್ಟು ಗಮನಿಸಿ ನನಗೆ ತಿಳಿಸಿ. ನಿಮ್ಮ ಹೆಸರನ್ನೂ ಶಾಲೆಯ ಹೆಸರನ್ನೂ ಮರೆಯದೆ ಬರೆಯಿರಿ. ನೋಡಿದವರು ಯಾರೆಂಬುದು ದಾಖಲಾಗಬೇಕು.